ಕಳವಾದ ದೋಣಿ ಎಂಜಿನ್: ತಪ್ಪು ಕಲ್ಪನೆ ಮತ್ತು ಸತ್ಯ

ನಸುಕಿನ ನಾಲ್ಕೂವರೆಗೆ ಬಲೆ, ಬುತ್ತಿ, ಸೀಮೆಎಣ್ಣೆ ಕ್ಯಾನು ಹೊತ್ತು ಅಳಿವೆಯ ದಡಕ್ಕೆ ಬಂದರೆ ದೋಣಿ ಕಟ್ಟಿದಲ್ಲೇ ಇದೆ. ಟಾರ್ಚ್ ಹಾಕಿ ನೋಡಿದರೆ ಹಿಂಬದಿಯ ಹಲಗೆ ಬೋಳು. ಕ್ಲ್ಯಾಂಪಿನ ಸ್ಕ್ರೂಗಳು ವರ್ಷಗಟ್ಟಲೆ ಒತ್ತಿ ಮೂಡಿಸಿದ ಎರಡು ದುಂಡನೆಯ ಕುಳಿಗಳು, ಕೊಯ್ದ ಎಣ್ಣೆ ಪೈಪಿನ ಒಂದು ತುಂಡು. ಉಳಿದದ್ದು ಅಷ್ಟೇ.

ಕಾರವಾರದಿಂದ ಉಳ್ಳಾಲದವರೆಗೆ ನಾಡದೋಣಿ ಮೀನುಗಾರರ ಪಾಲಿಗೆ ಔಟ್‌ಬೋರ್ಡ್ ಎಂಜಿನ್ ಎಂದರೆ ಮನೆಯ ದುಡಿಯುವ ಮಗನಿದ್ದಂತೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಯಾಂತ್ರಿಕ ಬೋಟುಗಳು ಧಕ್ಕೆ ಸೇರಿದಾಗಲೂ 10 ಅಶ್ವಶಕ್ತಿವರೆಗಿನ ಮೋಟಾರಿನ ಸಾಂಪ್ರದಾಯಿಕ ದೋಣಿಗಳಿಗೆ ಕಡಲಿಗಿಳಿಯುವ ಅವಕಾಶವಿದೆ. ಆ ಹೊತ್ತಿನಲ್ಲಿ ಎಂಜಿನ್ ಹೋದರೆ ಮಳೆಗಾಲದ ದುಡಿಮೆಯೇ ಹೋದಂತೆ. ನಷ್ಟದ ಬೆನ್ನಿಗೇ ದಡದಲ್ಲಿ ಹತ್ತು ಜನರ ಹತ್ತು ಸಲಹೆ ಶುರುವಾಗುತ್ತದೆ. ಅವುಗಳಲ್ಲಿ ಹಲವು ಸದುದ್ದೇಶದ ಮಾತುಗಳೇ ಆದರೂ ಸತ್ಯವಲ್ಲ.

ತಪ್ಪು ಕಲ್ಪನೆ 1: ಸರಪಳಿ ಬಿಗಿದು ಬೀಗ ಹಾಕಿದರೆ ಸಾಕು.

ಸತ್ಯ: 9.9 ಅಶ್ವಶಕ್ತಿಯ ಎಂಜಿನ್ ಸುಮಾರು 40 ಕಿಲೋ ತೂಗುತ್ತದೆ. ಇಬ್ಬರು ಆರಾಮವಾಗಿ ಎತ್ತಿಕೊಂಡು ಹೋಗಬಹುದು. ತೆಳು ಸರಪಳಿ ಬೋಲ್ಟ್ ಕಟರಿನ ಒಂದೇ ಹಿಡಿತಕ್ಕೆ ತುಂಡಾಗುತ್ತದೆ. ಎಂಜಿನನ್ನು ಹಲಗೆಗೆ ಹಿಡಿದಿಡುವುದು ಕೈಯಲ್ಲೇ ತಿರುಗಿಸಬಹುದಾದ ಎರಡು ಸ್ಕ್ರೂಗಳು. ಕಾವಲು ಬೇಕಾದದ್ದು ಅವಕ್ಕೆ. ಎರಡೂ ಸ್ಕ್ರೂಗಳ ಹಿಡಿಗಳನ್ನು ಒಟ್ಟಿಗೆ ಮುಚ್ಚಿ ತಿರುಗದಂತೆ ಮಾಡುವ ಉಕ್ಕಿನ ಕೊಳವೆ ಬೀಗ ಸಿಗುತ್ತದೆ. ಹಲಗೆಯ ಒಳಗಿಂದ ಹಾಯಿಸಿ ಬಿಗಿದ ಬೋಲ್ಟೂ ಜೊತೆಗಿದ್ದರೆ ಕಳ್ಳನಿಗೆ ಹೆಚ್ಚು ಹೊತ್ತು ಬೇಕು, ಸದ್ದೂ ಆಗುತ್ತದೆ. ಎಲ್ಲಕ್ಕಿಂತ ದೊಡ್ಡ ಭದ್ರತೆ, ಕಸುಬಿಲ್ಲದ ದಿನಗಳಲ್ಲಿ ಎಂಜಿನ್ ಬಿಚ್ಚಿ ಮನೆಗೆ ಒಯ್ಯುವುದು.

ತಪ್ಪು ಕಲ್ಪನೆ 2: ನನ್ನ ಎಂಜಿನ್ ನನಗೆ ಗೊತ್ತಿಲ್ಲವೇ? ಬಣ್ಣ ನೋಡಿದರೇ ಹೇಳುತ್ತೇನೆ.

ಸತ್ಯ: ಮೇಲಿನ ಮುಚ್ಚಳ ಬದಲಿಸುವುದು ಐದು ನಿಮಿಷದ ಕೆಲಸ, ಬಣ್ಣ ಬಳಿಯುವುದು ಒಂದು ಸಂಜೆಯದು. ಒಂದೇ ಮಾದರಿಯ ಹತ್ತು ಎಂಜಿನ್ ಸಾಲಾಗಿ ಇಟ್ಟರೆ ಪೊಲೀಸರಿಗಾಗಲಿ ನ್ಯಾಯಾಲಯಕ್ಕಾಗಲಿ ನಿಮ್ಮದನ್ನು ತೋರಿಸಿಕೊಡುವುದು ಅದರ ನಂಬರು ಮಾತ್ರ. ಸಾಮಾನ್ಯವಾಗಿ ಅದು ಹಲಗೆಗೆ ಕಚ್ಚಿಕೊಳ್ಳುವ ಕ್ಲ್ಯಾಂಪಿನ ಬದಿಯ ಸಣ್ಣ ಪಟ್ಟಿಯ ಮೇಲಿರುತ್ತದೆ. ಉಪ್ಪು, ಎಣ್ಣೆಜಿಡ್ಡು ಕೂತು ಕಾಣದಂತಾಗಿರಬಹುದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಅಕ್ಷರ ಎದ್ದು ಬರುತ್ತವೆ. ಕೆಲವು ಕಂಪನಿಗಳು ಮುಚ್ಚಳದ ಒಳಗೆ, ಎಂಜಿನ್ ಬ್ಲಾಕಿನ ಪುಟ್ಟ ಲೋಹದ ಬಿಲ್ಲೆಯ ಮೇಲೂ ನಂಬರು ಒತ್ತಿರುತ್ತವೆ. ಎರಡರದ್ದೂ ಫೋಟೋ ತೆಗೆಯಿರಿ. ಮಗಳ ಮೊಬೈಲಿಗೂ ಒಂದು ಪ್ರತಿ ಹೋಗಲಿ. ನಿಮ್ಮ ಫೋನ್ ನೀರಿಗೆ ಬಿದ್ದರೂ ನಂಬರು ಉಳಿಯುತ್ತದೆ.

ತಪ್ಪು ಕಲ್ಪನೆ 3: ಕಳ್ಳ ನಂಬರು ಉಜ್ಜಿ ಹಾಕಿದರೆ ಕಥೆ ಮುಗಿಯಿತು.

ಸತ್ಯ: ಅಂಟಿಸಿದ ಪಟ್ಟಿ ಕಿತ್ತರೆ ಹೋಗುತ್ತದೆ ನಿಜ. ಲೋಹಕ್ಕೆ ಪಂಚ್ ಒತ್ತಿ ಮೂಡಿಸಿದ ನಂಬರಿನ ಮಾತು ಬೇರೆ. ಸುತ್ತಿಗೆಯ ಹೊಡೆತಕ್ಕೆ ಅಕ್ಷರದ ಕೆಳಗಿನ ಲೋಹವೂ ಅದುಮಿ ಬಿಗಿದುಕೊಂಡಿರುತ್ತದೆ. ಮೇಲ್ಮೈ ಅರದಿಂದ ಉಜ್ಜಿದ ಮೇಲೂ ಆ ಒತ್ತಡದ ಗುರುತು ಒಳಗೆ ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ತಕ್ಕ ರಾಸಾಯನಿಕ ಸವರಿದರೆ ಅದುಮಿದ ಭಾಗ ಸುತ್ತಲಿನ ಭಾಗಕ್ಕಿಂತ ಬೇರೆ ವೇಗದಲ್ಲಿ ಕರಗಿ, ಅಳಿಸಿದ ಅಂಕೆ ಮತ್ತೆ ಕಾಣಿಸಿಕೊಳ್ಳಬಹುದು. ತೀರಾ ಆಳಕ್ಕೆ ಉಜ್ಜಿದ್ದರೆ ಮಾತ್ರ ಕಷ್ಟ. ಹಾಗಾಗಿ ಪರಿಚಯದ ಮೆಕ್ಯಾನಿಕ್ ಬಳಿ, ಕ್ಲ್ಯಾಂಪಿನ ದಪ್ಪ ಭಾಗದಲ್ಲಿ, ನಿಮಗಷ್ಟೇ ಗೊತ್ತಿರುವ ಜಾಗದಲ್ಲಿ ನಿಮ್ಮದೇ ಗುರುತು ಒತ್ತಿಸಿಡಿ.

ತಪ್ಪು ಕಲ್ಪನೆ 4: ಬಿಲ್ ಇಲ್ಲದಿದ್ದರೆ ದೂರು ತೆಗೆದುಕೊಳ್ಳುವುದಿಲ್ಲ. ನೀರಿನ ಮೇಲಿನ ಕಳವು ಊರ ಠಾಣೆಗೆ ಸೇರಿದ್ದಲ್ಲ.

ಸತ್ಯ: ಎರಡೂ ತಪ್ಪು. ದೂರಿಗೆ ಬೇಕಾದದ್ದು ಕಳವಿನ ಮಾಹಿತಿ, ಬಿಲ್ ಅಲ್ಲ. ಬಿಲ್ಲು, ಸರ್ವಿಸ್ ಚೀಟಿ, ಫೋಟೋ ಇವೆಲ್ಲ ಮುಂದೆ ಒಡೆತನ ತೋರಿಸಲು ನೆರವಾಗುವ ದಾಖಲೆಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ದಾಖಲಿಸಿದ್ದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಬರೆಯಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರದಂಥ ಕಡೆ ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ. ಅವರ ಸಹಾಯವಾಣಿ 1093. ತುರ್ತಿಗೆ 112 ಎಲ್ಲೆಡೆಗೂ ಇದೆ.

‘ಮೊದಲು ನಾವೇ ನಾಲ್ಕು ದಿನ ಹುಡುಕೋಣ, ಆಮೇಲೆ ಪೊಲೀಸರು’ ಎಂಬ ಮಾತಿಗೂ ಕಿವಿಗೊಡಬೇಡಿ. ಹಲಗೆಯ ಮೇಲಿನ ಬೆರಳಚ್ಚು, ದಡದ ಕೆಸರಿನ ಹೆಜ್ಜೆ, ಹತ್ತಿರದ ಅಂಗಡಿಯ ಸಿಸಿ ಕ್ಯಾಮೆರಾದ ದೃಶ್ಯ ಯಾವುದೂ ನಮಗಾಗಿ ಕಾಯುವುದಿಲ್ಲ. ಪೊಲೀಸರು ನೋಡುವವರೆಗೆ ಹಲಗೆ ಮುಟ್ಟದಿರಿ, ಕೊಯ್ದ ಪೈಪು ಎಸೆಯದಿರಿ.

ತಪ್ಪು ಕಲ್ಪನೆ 5: ಮೀನುಗಾರರ ವಿಮೆ ಇದೆಯಲ್ಲ, ಎಂಜಿನಿಗೂ ಹಣ ಬರುತ್ತದೆ.

ಸತ್ಯ: ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯಡಿಯ ಗುಂಪು ಅಪಘಾತ ವಿಮೆ ಮೀನುಗಾರನ ಜೀವಕ್ಕೆ ಸಂಬಂಧಿಸಿದ್ದು; ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ 5 ಲಕ್ಷ ರೂಪಾಯಿ. ಎಂಜಿನ್ ಕಳವಿಗೂ ಅದಕ್ಕೂ ಸಂಬಂಧವಿಲ್ಲ. ದೋಣಿಗೆಂದೇ ಪಾಲಿಸಿ ಮಾಡಿಸಿದ್ದರೂ ಎಂಜಿನ್ ನಂಬರು ಅದರಲ್ಲಿದೆಯೇ, ಕಳವು ಸೇರಿದೆಯೇ ಎಂದು ಓದಿ ನೋಡಬೇಕು. ವಿಹಾರ ದೋಣಿಗಳ ವಿಮೆಗೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಷರತ್ತುಗಳಲ್ಲಿ, ಮಾಮೂಲಿ ಕ್ಲ್ಯಾಂಪಿನ ಜೊತೆಗೆ ಪ್ರತ್ಯೇಕ ಕಳವು ನಿರೋಧಕ ಬೀಗವೂ ಇದ್ದರೆ ಮಾತ್ರ ಔಟ್‌ಬೋರ್ಡ್ ಕಳವಿಗೆ ಪರಿಹಾರ ಎಂಬ ಮಾತಿದೆ. ನಿಮ್ಮ ಪಾಲಿಸಿಯಲ್ಲೂ ಅಂಥದ್ದೇನಾದರೂ ಇದೆಯೇ ಎಂದು ಏಜೆಂಟರನ್ನು ಮೊದಲೇ ಕೇಳಿ, ಬೀಗದ ರಸೀದಿ ಎತ್ತಿಡಿ.

ತಪ್ಪು ಕಲ್ಪನೆ 6: ದುಡ್ಡು ಕೊಟ್ಟು ಕೊಂಡಿದ್ದೇನೆ, ಇನ್ನು ಅದು ನನ್ನದೇ.

ಸತ್ಯ: 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾರಿದವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ಕಳ್ಳಮಾಲು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲಾಗಬಹುದು. ಲಕ್ಷ ದಾಟುವ ಎಂಜಿನನ್ನು ಇಪ್ಪತ್ತು ಸಾವಿರಕ್ಕೆ, ರಾತ್ರಿ ಹೊತ್ತು, ನಂಬರು ಪಟ್ಟಿ ಇಲ್ಲದೆ ಯಾರಾದರೂ ತಂದರೆ, ಅದು ಇನ್ನೊಂದು ಊರಿನ ದೋಣಿಯವನ ಅನ್ನ ಎಂದು ತಿಳಿಯಿರಿ. ಅಂಥದ್ದಕ್ಕೆ ಗಿರಾಕಿ ಇಲ್ಲವಾದರೆ ಕಳ್ಳತನಕ್ಕೂ ಅರ್ಥವಿರುವುದಿಲ್ಲ. ಹಳೆ ಎಂಜಿನ್ ಕೊಳ್ಳುವಾಗ ನಂಬರು ನಮೂದಿಸಿ, ಮಾರುವವರ ಗುರುತಿನ ಚೀಟಿಯ ಪ್ರತಿಯೊಂದಿಗೆ ಬರಹ ಮಾಡಿಕೊಳ್ಳಿ.

ತಪ್ಪು ಕಲ್ಪನೆ 7: ಸಿಕ್ಕಿದರೂ ಕೇಸು ಮುಗಿಯುವವರೆಗೆ ಠಾಣೆಯಲ್ಲೇ ತುಕ್ಕು ಹಿಡಿಯುತ್ತದೆ.

ಸತ್ಯ: ತುಕ್ಕು ಹಿಡಿಯಬೇಕಿಲ್ಲ. ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ, ವಶಪಡಿಸಿಕೊಂಡ ವಸ್ತುಗಳನ್ನು ಠಾಣೆಯಲ್ಲಿ 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಹೇಳಿದೆ. ಫೋಟೋ, ಪಂಚನಾಮೆ ಮಾಡಿಸಿ, ಬಾಂಡ್ ಬರೆಸಿಕೊಂಡು ಮಾಲೀಕರ ವಶಕ್ಕೆ ಕೊಡಬಹುದು. ಆದರೆ ತಾನಾಗಿ ಮನೆಗೆ ಬರುವುದಿಲ್ಲ. ವಕೀಲರ ಮೂಲಕ, ಅಥವಾ ಕಾನೂನು ಸೇವಾ ಪ್ರಾಧಿಕಾರದ ನೆರವಿನಿಂದ, ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು.

ತಪ್ಪು ಕಲ್ಪನೆ 8: ಕಳ್ಳ ಹೊಳೆಗೆ ಬಿಸಾಡಿದ ಎಂಜಿನ್ ಸಿಕ್ಕಿದರೆ ಬಿಸಿಲಿಗಿಟ್ಟು ಒಣಗಿಸಬೇಕು.

ಸತ್ಯ: ಇದು ಎಂಜಿನನ್ನೇ ಕೊಲ್ಲುವ ಸಲಹೆ. ಉಪ್ಪುನೀರು ಹೊಕ್ಕ ಲೋಹಕ್ಕೆ ಮೇಲೆತ್ತಿ ಗಾಳಿ ತಾಗಿದ ಕೂಡಲೇ ತುಕ್ಕು ವೇಗವಾಗಿ ಹಿಡಿಯುತ್ತದೆ. ಸ್ಟಾರ್ಟ್ ಮಾಡಲು ಹಗ್ಗ ಎಳೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಒಳಗಿನ ದಂಡವೇ ಬಾಗಬಹುದು. ಪೊಲೀಸರು ಮಹಜರು ಮಾಡಿ ಒಪ್ಪಿಗೆ ಕೊಟ್ಟೊಡನೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಮೆಕ್ಯಾನಿಕ್ ಬರುವುದು ತಡವಾದರೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲೇ ಮುಳುಗಿಸಿಡಿ. ಆಮೇಲೆ ಪ್ಲಗ್ ಬಿಚ್ಚಿ, ನೀರು ಬಸಿದು, ಎಣ್ಣೆ ಹಾಕಿ ಅವತ್ತೇ ಚಾಲೂ ಮಾಡಿಸಬೇಕು. ನಾಳೆ ಎಂದರೆ ಬೇರಿಂಗು ಕಚ್ಚಿಕೊಳ್ಳುತ್ತದೆ.

ಈ ಎಂಟರಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಠಾಣೆಯಲ್ಲಿ ಬರೆಯುವವರು, ವಿಮೆಯವರು, ಪ್ರಯೋಗಾಲಯದವರು, ನ್ಯಾಯಾಧೀಶರು, ಹಳೆ ಎಂಜಿನ್ ಕೊಳ್ಳಲು ಬಂದ ಪ್ರಾಮಾಣಿಕ ಮೀನುಗಾರ, ಎಲ್ಲರೂ ಕೇಳುವುದು ಆ ನಂಬರನ್ನೇ. ಕಳುವಾದ ಬೆಳಿಗ್ಗೆ ಅದನ್ನು ಓದಲು ಹಲಗೆಯ ಮೇಲೆ ಏನೂ ಇರುವುದಿಲ್ಲ. ಇವತ್ತು ಸಂಜೆ ದೋಣಿ ದಡ ಸೇರಿದಾಗ ಕ್ಲ್ಯಾಂಪಿನ ಬದಿಯನ್ನು ಒಮ್ಮೆ ಒರೆಸಿ, ಕಂಡದ್ದನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.