ಹೊಳೆಯನ್ನೇ ಕಾಣದ ಮಕ್ಕಳಿಗೆ ಪಾಠ

"ಬಿ.ಎಡ್. ಮುಗಿದ ಮ್ಯಾಲೆ ಒಂದೆರಡು ವರ್ಷ ಪರದೇಶದ ದ್ವೀಪದಾಗ ಮಕ್ಕಳಿಗೆ ಕಲಸಾಕ ಹೋಗಬೇಕಂತ ಮಾಡೇನ್ರಿ ಸರ್. ಆಗತೈತೇನ್ರಿ?"

ಮಮದಾಪುರದ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಾಗ ಪಕ್ಕದಲ್ಲಿದ್ದ ತಂದೆ ನಡುವೆ ಬಾಯಿ ಹಾಕಿದರು: "ಪಗಾರ ಇಲ್ಲದ ಕೆಲಸಕ್ಕ ಸಮುದ್ರ ದಾಟಿ ಯಾಕ ಹೋಗಬೇಕ್ರಿ ಗುರುಗಳ?"

ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಮೊದಲು ತಂದೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಸ್ವಯಂಸೇವೆ ಎಂದರೆ ಉಪವಾಸವಲ್ಲ. ಬ್ರಿಟನ್ನಿನ ವಿ.ಎಸ್.ಒ. ಸಂಸ್ಥೆ ೧೯೫೮ರಲ್ಲಿ ಹುಟ್ಟಿತು. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಗೆ ಸಾಮಾನ್ಯ ಸಭೆ ೧೯೭೦ರಲ್ಲಿ ಒಪ್ಪಿಗೆ ಕೊಟ್ಟಿತು. ಇಂಥ ಕಡೆ ಸಂಬಳವಿಲ್ಲದಿದ್ದರೂ ಬದುಕಿಗೆ ಬೇಕಾದಷ್ಟು ಭತ್ಯೆ ಸಿಗುತ್ತದೆ. ಗಂಟು ಕಟ್ಟಿಕೊಂಡು ಬರಲಾಗದು, ಅಷ್ಟೆ. ವಿ.ಎಸ್.ಒ. ಆರಂಭದಲ್ಲಿ ಆಗಷ್ಟೇ ಶಾಲೆ ಮುಗಿಸಿದ ಹುಡುಗರನ್ನು ಕಳಿಸುತ್ತಿತ್ತು. ಬರೀ ಉತ್ಸಾಹ ಸಾಲದೆಂದು ಕಂಡುಕೊಂಡ ಮೇಲೆ ಪದವೀಧರರನ್ನು, ಮುಂದೆ ಅನುಭವಿಗಳನ್ನು ಆರಿಸತೊಡಗಿತು. ಇಲ್ಲಿ ಪಾಲಕರಿಗೊಂದು ಕಿವಿಮಾತು. ನಮ್ಮಿಂದಲೇ ದೊಡ್ಡ ಶುಲ್ಕ ಪಡೆದು, ಎರಡು ವಾರ ಪ್ರವಾಸ ಮಾಡಿಸಿ, ಪ್ರಮಾಣಪತ್ರ ಕೊಡುವವರೂ ಇದ್ದಾರೆ. ಅದು ವಿಹಾರ, ಶಿಕ್ಷಣವಲ್ಲ.

ಇನ್ನು ಮಗಳ ಪ್ರಶ್ನೆ. ನಮಗೆ ಹತ್ತಿರದ ದ್ವೀಪರಾಷ್ಟ್ರಗಳಲ್ಲಿ ಮಾಲ್ಡೀವ್ಸ್ ಒಂದು. ಅಲ್ಲಿ ಸುಮಾರು ೧,೨೦೦ ಹವಳದ ದ್ವೀಪಗಳಿವೆ. ಜನ ನೆಲೆಸಿರುವ ಊರುಗಳಿರುವುದು ೨೦೦ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಎಲ್ಲ ದ್ವೀಪಗಳ ನೆಲ ಕೂಡಿಸಿದರೂ ಸುಮಾರು ೩೦೦ ಚದರ ಕಿಲೋಮೀಟರು. ನಮ್ಮ ಬೆಳಗಾವಿ ಜಿಲ್ಲೆಯೊಂದೇ ೧೩,೪೧೫ ಚದರ ಕಿಲೋಮೀಟರು! ದಶಕಗಳಿಂದ ಭಾರತದ ಅನೇಕ ಶಿಕ್ಷಕರು ಆ ದ್ವೀಪಗಳ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಿದ್ದಾರೆ. ಅವರಲ್ಲಿ ಹೆಚ್ಚಿನವರು ಹೋದದ್ದು ಸಂಬಳದ ಮೇಲೆಯೇ. ಆದರೆ ತರಗತಿಯ ಕಷ್ಟ-ಸುಖ ಸ್ವಯಂಸೇವಕನಿಗೂ ಅದೇ.

ಆ ದೇಶದಲ್ಲಿ ಒಂದೂ ನದಿ ಇಲ್ಲ, ಬೆಟ್ಟವೂ ಇಲ್ಲ. ನಮ್ಮ ಮಕ್ಕಳಿಗೆ ನದಿ ಎಂದೊಡನೆ ಘಟಪ್ರಭೆ, ಗೋಕಾಕ ಫಾಲ್ಸ್ ಕಣ್ಣ ಮುಂದೆ ಬರುತ್ತವೆ. ಅಲ್ಲಿಯ ಮಗು ಹೊಳೆಯನ್ನೇ ಕಂಡಿರುವುದಿಲ್ಲ. ಹಾಗಾದರೆ ಸಿಹಿನೀರು ಎಲ್ಲಿಂದ?

ಮಳೆಯ ನೀರು ಹವಳದ ಮರಳಿನೊಳಗೆ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ೧.೦೨೫ ಪಟ್ಟು ಭಾರ. ಆದ್ದರಿಂದ ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ತತ್ತ್ವದ ಲೆಕ್ಕದಲ್ಲಿ ಅದರ ಕೆಳಗೆ ಸುಮಾರು ೪೦ ಅಡಿ ಸಿಹಿನೀರು ಇರಬಲ್ಲದು. ನಡುವೆ ದಪ್ಪ, ಅಂಚಿನಲ್ಲಿ ತೆಳು. ಥೇಟ್ ಮಸೂರದ ಆಕಾರ. ಆಸೆಗೆ ಬಿದ್ದು ಹೆಚ್ಚು ನೀರೆತ್ತಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ರಾಜಧಾನಿ ಮಾಲೆಯ ಅಂತರ್ಜಲ ಕೆಟ್ಟದ್ದು ಹೀಗೆಯೇ. ಮುಂದೆ ಆ ಊರು ಸಮುದ್ರದ ನೀರನ್ನು ಸಿಹಿಗೊಳಿಸುವ ಯಂತ್ರಗಳನ್ನೇ ನಂಬಿತು. ೨೦೧೪ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ತಗುಲಿದಾಗ ಭಾರತ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಕಳಿಸಬೇಕಾಯಿತು.

ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಬೇಕೆ? ಸಾಂದ್ರತೆಯನ್ನು ಪುಸ್ತಕದಿಂದ ಉರು ಹೊಡೆಸುವ ಬದಲು ಮಕ್ಕಳೊಂದಿಗೆ ಊರ ಬಾವಿಯ ನೀರಿನ ಮಟ್ಟ ಅಳೆಯಬೇಕು. ಇದನ್ನು ಕಾಣಬೇಕಾದರೆ ಹೊರಗಿನಿಂದ ಹೋದ ಶಿಕ್ಷಕ ಮೊದಲ ಕೆಲವು ತಿಂಗಳು ಆ ದ್ವೀಪದ ಜನರಿಗೇ ಶಿಷ್ಯನಾಗಬೇಕು. ಅವರ ದಿವೇಹಿ ಭಾಷೆಯ ನಾಲ್ಕು ಮಾತು ಕಲಿಯಬೇಕು. ಅದರ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅಲ್ಲಿ ಮಗು ನಮ್ಮ ಅಕ್ಷರ ನೋಡಿ ನಗುತ್ತದೆ. ನಗಲಿ, ಕಲಿಕೆ ಅಲ್ಲಿಂದಲೇ ಶುರು.

ಇಷ್ಟಾಗಿಯೂ ಒಂದು ಮಾತು ಉಳಿಯಿತು. ಅವಧಿ ಮುಗಿದು ಶಿಕ್ಷಕ ದೋಣಿ ಹತ್ತಿದ ಮರುದಿನ ಆ ತರಗತಿಯ ಗತಿಯೇನು? ಬಂದುಹೋಗುವ ಶಿಕ್ಷಕರಿಗೆ ಮಕ್ಕಳು ಪ್ರತಿಸಲ ಹೊಸದಾಗಿ ಹೊಂದಿಕೊಳ್ಳಬೇಕು. ಆದ್ದರಿಂದ ಒಳ್ಳೆಯ ಸ್ವಯಂಸೇವಕ ಮಕ್ಕಳಿಗೆ ಮಾತ್ರ ಕಲಿಸುವುದಿಲ್ಲ. ಆ ಊರಿನಲ್ಲೇ ಉಳಿಯುವ ಇನ್ನೊಬ್ಬ ಶಿಕ್ಷಕನನ್ನು ತಯಾರು ಮಾಡಿ ಬರುತ್ತಾನೆ.

ಇದನ್ನು ಕಲಿಯಲು ಪಾಸ್‌ಪೋರ್ಟೇ ಬೇಕೆಂದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ನಡುವೆ ಕುರ್ವಕುರ್ದಾ, ಕುರ್ವಕಲಾದಂಥ ನಡುಗಡ್ಡೆಗಳಿವೆ. ನಾರಾಯಣಪುರ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ತೆಪ್ಪದ ಓಡಾಟ ಅಪಾಯವಾಗುತ್ತದೆ, ಶಾಲೆಗೂ ಪೆಟ್ಟು ಬೀಳುತ್ತದೆ. ೨೦೧೯ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಊರೊಳಗೇ ನೀರು ನುಗ್ಗಿದಾಗ, ದಾರಿ ಕಡಿದುಹೋಗುವುದೆಂದರೆ ಏನೆಂದು ನಾವೂ ಕಂಡಿದ್ದೇವೆ.

ಆ ಹುಡುಗಿಗೆ ಹೇಳಿದೆ: "ಹೋಗವ್ವಾ, ಆದರ ಮೊದಲ ಒಂದು ವರ್ಷ ಕೃಷ್ಣಾ ದಂಡಿಗೆ ಕಲಿಸಿ ನೋಡು. ಅಲ್ಲಿ ತಾಳಿಕೊಂಡರ ಸಮುದ್ರನೂ ದಾಟತಿ."

ತಂದೆ ಈ ಸಲ ಬೇಡ ಎನ್ನಲಿಲ್ಲ. "ಅಲ್ಲಿ ಇರಾಕ ಮನಿ ಸಿಗತಾವೇನ್ರಿ?" ಎಂದಷ್ಟೇ ಕೇಳಿದರು.