ಸಂಧಿವಾತದ ಸೂಜಿ, ಜಮಖಂಡಿಯ ಬಿಸಿಲು

ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕುವುದು ಬೆರಳ ತುದಿ. ರುಮಟಾಯ್ಡ್ ಸಂಧಿವಾತ ಸಾಮಾನ್ಯವಾಗಿ ಮೊದಲು ಹಿಡಿಯುವುದೂ ಬೆರಳ ಗೆಣ್ಣುಗಳನ್ನೇ. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದಷ್ಟು ಬಿಗಿತ. ವಯಸ್ಸಿನ ಸವೆತಕ್ಕೂ ಇದಕ್ಕೂ ಸಂಬಂಧವಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬಿದ್ದಿರುತ್ತದೆ. ಮೆಥೊಟ್ರೆಕ್ಸೇಟ್‌ನಂಥ ಮಾತ್ರೆಗೂ ಬಗ್ಗದಿದ್ದರೆ ವೈದ್ಯರು ಜೈವಿಕ ಔಷಧಿಯ ಮಾತೆತ್ತುತ್ತಾರೆ.

ಇವುಗಳಲ್ಲಿ ಹೆಸರುವಾಸಿಯಾದದ್ದು ಅಡಲಿಮುಮ್ಯಾಬ್. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಲ್ಲಿ ಬೆಳೆಸುವ ಪ್ರತಿಕಾಯ ಇದು. ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ತಾನೂ ಪ್ರೋಟೀನೇ ಆದ್ದರಿಂದ ನುಂಗಿದರೆ ಹೊಟ್ಟೆ ಅದನ್ನು ತೊಗರಿಬೇಳೆಯಂತೆ ಅರಗಿಸಿಬಿಡುತ್ತದೆ. ಹಾಗಾಗಿ ಸೂಜಿಯೇ ಗತಿ. 2014ರಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಇದರ ಪ್ರತಿರೂಪವನ್ನು ಕಡಿಮೆ ದರದಲ್ಲಿ ತಂದಿತು. ಆದರೂ ಬಡವರ ಕೈಗೆ ಸುಲಭವಾಗಿ ಎಟಕುವ ಮದ್ದಲ್ಲ.

ಅಡಲಿಮುಮ್ಯಾಬ್ ಸಾಮಾನ್ಯವಾಗಿ 2 ವಾರಕ್ಕೊಮ್ಮೆ 40 ಮಿಲಿಗ್ರಾಂ. ಟಿಎನ್‌ಎಫ್ ತಡೆಯುವ ಇನ್ನೊಂದು ಜೈವಿಕ ಔಷಧಿ ಎಟನರ್ಸೆಪ್ಟ್ ವಾರಕ್ಕೊಮ್ಮೆ. ಇದೇ ಗುಂಪಿನ ಇನ್‌ಫ್ಲಿಕ್ಸಿಮ್ಯಾಬ್ ಮಾತ್ರ ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ, ಸಲೈನ್ ಹನಿಯ ಹಾಗೆ, ಸುಮಾರು 2 ತಾಸು.

ಮೊದಲೆರಡನ್ನು ನರ್ಸ್ ಒಮ್ಮೆ ಕಲಿಸಿಕೊಟ್ಟರೆ ಮನೆಯಲ್ಲೇ ಹಾಕಿಕೊಳ್ಳಬಹುದು. ಸಿರಿಂಜನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ತಾಸು ನೆರಳಿನಲ್ಲಿಡಬೇಕು. ತಣ್ಣಗಿದ್ದರೆ ಉರಿ ಹೆಚ್ಚು. ಬಿಸಿನೀರಿಗೆ ಹಾಕಬಾರದು, ಅಲುಗಾಡಿಸಬಾರದು. ತೊಡೆಯ ಮುಂಭಾಗ ಅಥವಾ ಹೊಕ್ಕುಳಿನಿಂದ 2 ಇಂಚು ದೂರದ ಹೊಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಟ್ಟು, ಚರ್ಮವನ್ನು ಚಿವುಟಿ ಹಿಡಿದು ಸೂಜಿಯನ್ನು 45 ಡಿಗ್ರಿ ಓರೆಯಾಗಿ ಚುಚ್ಚಿ, ಔಷಧಿಯನ್ನು ನಿಧಾನವಾಗಿ ತಳ್ಳಬೇಕು. ಪೆನ್ ಆದರೆ ನೇರ ಒತ್ತುವುದು. ಆಮೇಲೆ ತಿಕ್ಕಬಾರದು. ಮುಂದಿನ ಸಲ ಜಾಗ ಬದಲಿಸಬೇಕು.

ನಮ್ಮ ಕಡೆ ನಿಜವಾದ ತಲೆನೋವು ತಂಪಿನದು. ಮದ್ದು 2ರಿಂದ 8 ಡಿಗ್ರಿಯಲ್ಲಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಮುಧೋಳ, ಬೀಳಗಿಯ ಬಿಸಿಲು 40ರ ಆಸುಪಾಸು. ಬೆಳಗಾವಿಯಿಂದ ಬಸ್ಸಿನಲ್ಲಿ ತರುವವರು ಐಸ್‌ಪ್ಯಾಕಿಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ ತರಲಿ, ಐಸು ಮದ್ದಿಗೆ ತಾಗದಂತೆ ನಡುವೆ ಬಟ್ಟೆಯಿರಲಿ. ಹೆಚ್ಚು ತಂಪು ಒಳ್ಳೆಯದೆಂದು ಫ್ರೀಜರಿನಲ್ಲಿಟ್ಟರೆ ಸಾವಿರಾರು ರೂಪಾಯಿ ಮಣ್ಣುಪಾಲು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವಂತಿಲ್ಲ.

ಚಿಕಿತ್ಸೆಗೆ ಮುಂಚೆ ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸಬೇಡಿ: ಟಿಎನ್‌ಎಫ್ ತಡೆದರೆ ಮೈಯಲ್ಲಿ ಅಡಗಿದ್ದ ಕ್ಷಯ ಮತ್ತೆ ಎದ್ದೀತು. ಜ್ವರವಿದ್ದ ದಿನ ಸೂಜಿ ಚುಚ್ಚಿಕೊಳ್ಳದೆ ಮೊದಲು ವೈದ್ಯರಿಗೆ ಫೋನ್ ಮಾಡಿ.