ಆಪತ್ತಿಗೆ ಒದಗುವವರ ಮನಸ್ಸು

ಮಾಗಡಿ ರಸ್ತೆಯಲ್ಲಿ ಸೈರನ್ ಕೂಗುತ್ತ ಅಗ್ನಿಶಾಮಕ ದಳದ ಗಾಡಿಯೋ ಆಂಬುಲೆನ್ಸೋ ಹೋಯಿತೆಂದರೆ ವಿಜಯನಗರದ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ಪಾಪ, ಯಾರಿಗೆ ಏನಾಯಿತೋ! ಆ ಗಾಡಿಯಲ್ಲಿ ಕುಳಿತು ಹೋದವರಿಗೆ ಏನಾಯಿತು ಎಂದು ವಿಚಾರಿಸುವ ವಾಡಿಕೆ ನಮ್ಮಲ್ಲಿಲ್ಲ. ಅವರು ಆ ಕೆಲಸಕ್ಕೆಂದೇ ಸೇರಿದವರು, ಗಟ್ಟಿ ಎದೆಯವರು, ಇಂಥದ್ದೆಲ್ಲ ಅವರಿಗೆ ರೂಢಿಯಾಗಿಬಿಟ್ಟಿರುತ್ತದೆ ಎಂದು ನಾವು ಭಾವಿಸಿಕೊಂಡಿದ್ದೇವೆ. ನಿಜವಾಗಿ ರೂಢಿಯಾಗುತ್ತದೆಯೇ ಎಂಬುದನ್ನು ಸ್ವಲ್ಪ ವಿಚಾರ ಮಾಡಿ ನೋಡಬೇಕಾಗಿದೆ.

ದೊಡ್ಡ ಆಪತ್ತುಗಳನ್ನು ಬೆಂಗಳೂರು ಕಂಡಿಲ್ಲವೆಂದಲ್ಲ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. 1983ರ ಸೆಪ್ಟೆಂಬರಿನಲ್ಲಿ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಮಡಿದರು. 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ ಒಂಬತ್ತು ಜೀವಗಳು ಹೋದವು. ಅದೇ ವರ್ಷ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ತೀರಿಕೊಂಡರು. ಇಂಥ ಪ್ರತಿಯೊಂದು ಸ್ಥಳದಲ್ಲೂ ಹೊಗೆಯೊಳಗೆ ನುಗ್ಗಿದವರು, ಕಲ್ಲುಮಣ್ಣು ಸರಿಸಿದವರು, ದೇಹಗಳನ್ನು ಹೊತ್ತು ತಂದವರು ಇದ್ದರು.

ಸರ್ಕಸ್ಸಿನ ದುರಂತವಾದ ಮೇಲೆ ನಮ್ಮ ನಿಮ್ಹಾನ್ಸ್ ಸಂಸ್ಥೆಯವರು ಸತ್ತವರ ಬಂಧುಗಳ ಶೋಕವನ್ನು ಅಧ್ಯಯನ ಮಾಡಿದರು. 1987ರಲ್ಲಿ ಅದು ಅಚ್ಚಾಯಿತು. ಒಳ್ಳೆಯ ಕೆಲಸವೇ. ಆದರೆ ಬೇರೆಯವರ ಮಗುವನ್ನು ಎತ್ತಿ ತಂದು ಮಲಗಿಸಿದವನಿಗೂ ಒಂದು ಬಗೆಯ ಶೋಕ ಉಂಟು. ಅದಕ್ಕೆ ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ, ಮನೆಗೆ ಬಂದು ಮಾತನಾಡಿಸಿ ಹೋಗುವವರೂ ಇಲ್ಲ. ಮರುದಿನ ಅವನು ಎಂದಿನಂತೆ ಠಾಣೆಗೆ ಹೋಗುತ್ತಾನೆ.

ವೈದ್ಯಶಾಸ್ತ್ರವೂ ಇದನ್ನು ನಿಧಾನವಾಗಿಯೇ ಒಪ್ಪಿತು. ಭೀಕರ ಅನುಭವದ ನಂತರ ಮನಸ್ಸು ಬಹುಕಾಲ ಕದಡಿಕೊಂಡಿರುವ ಸ್ಥಿತಿಗೆ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಈಗಿನ ಹೆಸರು ಸಿಕ್ಕಿದ್ದು 1980ರಲ್ಲಿ. ತಾನು ಅಪಾಯಕ್ಕೆ ಸಿಕ್ಕದಿದ್ದರೂ, ಕೆಲಸದ ದೆಸೆಯಿಂದ ಮತ್ತೆ ಮತ್ತೆ ಇಂಥವನ್ನು ಕಾಣಬೇಕಾದವರಿಗೂ, ಉದಾಹರಣೆಗೆ ಮೃತದೇಹದ ಭಾಗಗಳನ್ನು ಆಯ್ದು ತರುವವರಿಗೂ, ಅದೇ ಕಾಯಿಲೆ ಬರಬಹುದೆಂದು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದದ್ದು 2013ರಲ್ಲಿ.

ಮನಸ್ಸು ಇಲ್ಲಿ ನಡೆದುಕೊಳ್ಳುವ ರೀತಿ ವಿಚಿತ್ರವಾದದ್ದು. ಸ್ಥಳದಲ್ಲಿರುವಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೈ ತಾನು ಕಲಿತದ್ದನ್ನು ಮಾಡುತ್ತದೆ, ಭಾವನೆಯ ಬಾಗಿಲು ಮುಚ್ಚಿರುತ್ತದೆ. ಮುಚ್ಚದಿದ್ದರೆ ಕೆಲಸ ಸಾಗುವುದೂ ಇಲ್ಲ. ತೊಂದರೆ ಶುರುವಾಗುವುದು ಆಮೇಲೆ. ಆಗಲೂ ಕಾಡುವುದು ದೊಡ್ಡ ದೃಶ್ಯವೇ ಆಗಬೇಕೆಂದಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಒಂದು ಪುಟ್ಟ ಚಪ್ಪಲಿ, ಸತ್ತವನ ಜೇಬಿನಲ್ಲಿ ಬಿಡದೆ ಬಾರಿಸುತ್ತಿದ್ದ ಫೋನು, ಸುಟ್ಟ ಬಟ್ಟೆಯ ವಾಸನೆ, ಇಷ್ಟೇ ಸಾಕು. ಮನೆಯಲ್ಲಿ ಅದೇ ವಯಸ್ಸಿನ ಮಗುವಿದ್ದರಂತೂ ಹೇಳುವುದೇ ಬೇಡ. ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ, ಊಟ ಸೇರುವುದಿಲ್ಲ. ಕೆಲವರು ಮಾತು ಬಿಡುತ್ತಾರೆ, ಕೆಲವರು ಕುಡಿತಕ್ಕೆ ಬೀಳುತ್ತಾರೆ. ಹನಿಗೂಡಿ ಹಳ್ಳ ಎನ್ನುವಂತೆ ವರ್ಷಗಟ್ಟಲೆ ಕೂಡಿಬಂದದ್ದು ಒಂದು ದಿನ ಯಾವುದೋ ಸಣ್ಣ ಅಪಘಾತದ ಮುಂದೆ ಒಡೆದು ಹರಿಯುವುದುಂಟು. ನೋಡಿದವರಿಗೆ, ಇಷ್ಟಕ್ಕೇ ಹೀಗಾದನೇ ಎಂದು ಆಶ್ಚರ್ಯ!

ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು, ಆರೋಗ್ಯ ಕವಚವೆಂಬ ಹೆಸರಿನಲ್ಲಿ. ಗಾಡಿ ನಡೆಸುವವನನ್ನು ಅವರು ಪೈಲಟ್ ಎನ್ನುತ್ತಾರೆ. ಹಿಂದೆ ರೋಗಿಯ ಬಳಿ ಕೂರುವವರು ತುರ್ತು ಚಿಕಿತ್ಸೆಯಲ್ಲಿ ತರಬೇತಾದವರು. ಇವರ ಕಷ್ಟ ಇನ್ನೊಂದು ತರಹದ್ದು. ಅರ್ಧ ಗಂಟೆ ಒಬ್ಬರ ಜೀವವನ್ನು ಕೈಯಲ್ಲಿ ಹಿಡಿದು ತರುತ್ತಾರೆ, ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮನುಷ್ಯ ಉಳಿದನೋ ಇಲ್ಲವೋ ಬಹಳ ಸಲ ಗೊತ್ತೇ ಆಗುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಕರೆ. ಕೊನೆ ತಿಳಿಯದ ಕಥೆಗಳನ್ನು ಹೊತ್ತುಕೊಂಡು ತಿರುಗುವುದು ಸುಲಭವಲ್ಲ. ಇದರ ಮೇಲೆ ಸಂಜೆ ಹೊತ್ತಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾದರೆ, ಮನೆಯವರ ಬೈಗುಳಕ್ಕೆ ಮೊದಲು ಸಿಕ್ಕುವವರೂ ಇವರೇ. ದಾರಿ ಬಿಡದೆ ನಿಂತವರನ್ನು ಯಾರೂ ಬೈಯುವುದಿಲ್ಲ.

2021ರ ಏಪ್ರಿಲ್, ಮೇ ತಿಂಗಳುಗಳನ್ನು ನಮ್ಮ ಪಶ್ಚಿಮ ಭಾಗದವರು ಮರೆತಿರಲಾರರು. ಸುಮನಹಳ್ಳಿಯ ಚಿತಾಗಾರದ ಹೊರಗೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ವಿದ್ಯುತ್ ಚಿತಾಗಾರಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ ಹೂಡಬೇಕಾಯಿತು. ಸಾಲಿನಲ್ಲಿ ಗಂಟೆಗಟ್ಟಲೆ ಶವದೊಡನೆ ಕಾದ ಚಾಲಕರನ್ನೂ, ಹಗಲುರಾತ್ರಿ ದಹನ ಮಾಡಿದ ಕೆಲಸಗಾರರನ್ನೂ ಆಪತ್ತಿಗೆ ಒದಗಿದವರ ಲೆಕ್ಕದಲ್ಲಿ ಸೇರಿಸಲೇಬೇಕು. ಸೋಂಕಿನ ಭಯದಿಂದ ನೆರೆಹೊರೆಯವರು ದೂರವಿಟ್ಟದ್ದು ಆ ದುಡಿಮೆಗಿಂತ ಹೆಚ್ಚು ನೋಯಿಸಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಪರಿಹಾರವೇನು? ಅಮೆರಿಕದಲ್ಲಿ ಸ್ವತಃ ಅಗ್ನಿಶಾಮಕ ದಳದಲ್ಲಿ ದುಡಿದಿದ್ದ ಜೆಫ್ರಿ ಮಿಚೆಲ್ ಎಂಬವರು 1983ರಲ್ಲಿ ಒಂದು ಪದ್ಧತಿಯನ್ನು ಸೂಚಿಸಿದರು. ಘಟನೆಯಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂಡಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿಸುವುದು. ಬಹಳ ಕಡೆ ಇದು ಬಳಕೆಗೆ ಬಂತು. ಮುಂದೆ ಪರೀಕ್ಷಿಸಿ ನೋಡಿದಾಗ, ಹೀಗೆ ಒಮ್ಮೆ ಕೂಡಿಸಿ ಹೇಳಿಸಿದ್ದರಿಂದ ಕಾಯಿಲೆ ತಪ್ಪುವುದಿಲ್ಲವೆಂದು ಕಂಡುಬಂತು. ಕೆಲವರಿಗೆ ನೋವು ಹೆಚ್ಚಾದದ್ದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಅದನ್ನು ಬೇಡವೆನ್ನುತ್ತದೆ. ಅದು ಹೇಳುವ ಪ್ರಥಮ ಚಿಕಿತ್ಸೆ ಬಹು ಸರಳವಾದದ್ದು: ವಿಶ್ರಾಂತಿ, ಊಟ, ತನ್ನವರ ಜೊತೆ, ಕೇಳಿಸಿಕೊಳ್ಳುವವರು ಒಬ್ಬರು. ಹೇಳಬೇಕೆನಿಸಿದಾಗ ಹೇಳಲಿ, ಬಲವಂತ ಬೇಡ.

ಹಿಮದ ನಾಡುಗಳಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಸ್ಕೀ ಆಟವಿದೆಯಷ್ಟೆ. ಅಲ್ಲಿ ಬಿದ್ದವರನ್ನೂ ಹಿಮಕುಸಿತಕ್ಕೆ ಸಿಕ್ಕವರನ್ನೂ ಹೊರತರುವ ಗಸ್ತುಪಡೆಗಳಿವೆ. ಅಮೆರಿಕದ ಇಂಥ ಕೆಲವು ಪಡೆಗಳು ಅಲ್ಲಿನ ಸೈನ್ಯದಲ್ಲಿದ್ದ ಒಂದು ಉಪಾಯವನ್ನು ತೆಗೆದುಕೊಂಡಿವೆ. ಮನಸ್ಸಿನ ಸ್ಥಿತಿಗೆ ನಾಲ್ಕು ಬಣ್ಣ: ಹಸಿರು ಎಂದರೆ ನೆಮ್ಮದಿ, ಹಳದಿ ಎಂದರೆ ಸ್ವಲ್ಪ ಕಲಕಿದೆ, ಕಿತ್ತಳೆ ಎಂದರೆ ಗಾಯವಾಗಿದೆ, ಕೆಂಪು ಎಂದರೆ ಕಾಯಿಲೆ. ನನಗೆ ಇದು ಬುದ್ಧಿವಂತಿಕೆಯ ಕೆಲಸವೆಂದು ತೋರುತ್ತದೆ. ತಲೆ ಕೆಟ್ಟಿದೆ ಎಂದು ಹೇಳಿಕೊಳ್ಳಲು ಯಾವ ಗಂಡಸೂ ಮುಂದೆ ಬರುವುದಿಲ್ಲ; ಈ ವಾರ ನಾನು ಕಿತ್ತಳೆಯಲ್ಲಿದ್ದೇನೆ ಎನ್ನಲು ಅಷ್ಟು ಸಂಕೋಚವಿರಲಾರದು. ಹಾಗೆಂದವನಿಗೆ ಎರಡು ದಿನ ಹಗುರ ಕೆಲಸ ಕೊಡಲು ಅಧಿಕಾರಿಗೂ ಕಷ್ಟವಿಲ್ಲ. ನಮ್ಮ ಠಾಣೆಗಳಲ್ಲೂ ಇದನ್ನು ಮಾಡಬಹುದು, ಹಣ ಬೇಕಿಲ್ಲ.

ಮನಸ್ಸಿನ ವಿಷಯ ರೇಡಿಯೋಗೆ ಹೊರಗಿನದೆಂದು ಯಾರಾದರೂ ಹೇಳಿದರೆ ಒಂದು ಸಂಗತಿಯನ್ನು ನೆನಪಿಸಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು.

ನಿಮ್ಮ ಮನೆಯಲ್ಲೋ ವಠಾರದಲ್ಲೋ ಇಂಥ ಕೆಲಸದವರಿದ್ದರೆ, ಕೆಟ್ಟ ಪಾಳಿ ಮುಗಿಸಿ ಬಂದ ದಿನ ಏನಾಯಿತು, ಎಷ್ಟು ಜನ ಹೋದರು ಎಂದು ಮೊದಲೇ ಕೇಳಬೇಡಿ. ಸ್ನಾನಕ್ಕೆ ನೀರು ಕಾಯಿಸಿ, ಬಿಸಿ ಸಾರು ಅನ್ನ ಬಡಿಸಿ. ಮಕ್ಕಳನ್ನು ಹತ್ತಿರ ಬಿಡಿ, ಅಪ್ಪ ಅವರನ್ನು ತುಸು ಹೆಚ್ಚು ಹೊತ್ತು ತಬ್ಬಿಕೊಂಡರೆ ಕಾರಣ ಕೇಳಬೇಡಿ. ನಿದ್ದೆ ಕೆಟ್ಟದ್ದು ಒಂದು ತಿಂಗಳು ಕಳೆದರೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಲೇಬೇಕು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆ ನಡೆಯುತ್ತಿದೆ, ನಂಬರು 14416. ರಾತ್ರಿಯ ಹೊತ್ತೂ ಎತ್ತುತ್ತಾರೆ, ಕನ್ನಡದಲ್ಲಿಯೇ ಮಾತನಾಡಬಹುದು.